ಟ್ಯಾಂಕಿನಿಂದ ಪಂಪಿನವರೆಗೆ

ಕೇಳುಗರಿಗೆ ನಮಸ್ಕಾರ. ಯಾರೋ ಓಡಿಸಿದ ಡೀಸೆಲ್ ಪಿಕಪ್ ಒಂದನ್ನು ನೀವು ಈಗಷ್ಟೇ ಕೊಂಡಿದ್ದೀರಿ ಅಂತ ಇಟ್ಟುಕೊಳ್ಳಿ. ಎಂಜಿನ್ ಚೆನ್ನಾಗಿದೆ, ಹೊಗೆ ಇಲ್ಲ, ಕೈಯಲ್ಲಿ ಸ್ವಲ್ಪ ದುಡ್ಡೂ ಉಳಿದಿದೆ. ಮನಸ್ಸು ಸೀದಾ ದೊಡ್ಡ ಟೈರಿನ ಕಡೆ ಹೋಗುತ್ತದೆ, ಇಲ್ಲವೇ ಪವರ್ ಏರಿಸುವ ಟ್ಯೂನಿಂಗ್ ಕಡೆ. ನನ್ನದೂ ಅಲ್ಲಿಗೇ ಹೋಗಿತ್ತು. ಆದರೆ ಆ ದುಡ್ಡನ್ನು ಮೊದಲು ಡೀಸೆಲ್ ಹರಿಯುವ ದಾರಿಗೆ ಹಾಕಿ ಅಂತ ಹೇಳುವುದಕ್ಕೇ ಇವತ್ತು ಕೂತಿದ್ದೇನೆ. ಅದರಲ್ಲೂ ಟ್ಯಾಂಕಿನಿಂದ ಹೈ ಪ್ರೆಶರ್ ಪಂಪಿನವರೆಗಿನ ದಾರಿಗೆ.

ಈಗಿನ ಕಾಮನ್ ರೈಲ್ ಎಂಜಿನ್‌ಗಳಲ್ಲಿ, ಅಂದರೆ ಹೈ ಪ್ರೆಶರ್ ಪಂಪ್ ಒತ್ತಿದ ಡೀಸೆಲ್ ‘ರೈಲ್’ ಅನ್ನುವ ಒಂದೇ ಕೊಳವೆಯಿಂದ ಎಲ್ಲಾ ಇಂಜೆಕ್ಟರ್‌ಗಳಿಗೂ ಹೋಗುವ ಎಂಜಿನ್‌ಗಳಲ್ಲಿ, ಡೀಸೆಲ್ ಒತ್ತಡ 2,000 ಬಾರ್ ಹತ್ತಿರ ಹೋಗುತ್ತದೆ, ಕೆಲವದರಲ್ಲಿ ಅದಕ್ಕೂ ಜಾಸ್ತಿ. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು 2 ಟನ್ ಭಾರ ಕೂತ ಹಾಗೆ. ಡೀಸೆಲನ್ನು ಎಂಜಿನ್ನಿಗೆ ಚಿಮ್ಮಿಸುವ ಇಂಜೆಕ್ಟರ್ ಒಳಗೆ ಓಡಾಡುವ ಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನ್. ನಮ್ಮ ತಲೆಕೂದಲೇ ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ, ಅಲ್ಲಿಗೆ ಲೆಕ್ಕ ಹಾಕಿ. ಕಣ್ಣಿಗೆ ಕಾಣದ ದೂಳೂ ಅಲ್ಲಿ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ಇನ್ನೊಂದು ವಿಷಯ, ಈ ಹೈ ಪ್ರೆಶರ್ ಪಂಪಿಗೆ ಬೇರೆ ಆಯಿಲ್ ಇರುವುದಿಲ್ಲ. ಹರಿದು ಬರುವ ಡೀಸೆಲ್ಲೇ ಅದಕ್ಕೆ ಎಣ್ಣೆ. ಡೀಸೆಲ್ ಬದಲು ನೀರು ಬಂದರೆ, ಗಾಳಿ ಬಂದರೆ, ಲೋಹ ಲೋಹಕ್ಕೇ ಉಜ್ಜುತ್ತದೆ.

ಹಾಗಾಗಿ ಯಾವ ಸಾಮಾನನ್ನೂ ಕೊಳ್ಳುವ ಮೊದಲು ನಿಮ್ಮ ಗಾಡಿಯಲ್ಲಿ ಯಾವ ಪಂಪ್ ಕೂತಿದೆ ಅಂತ ತಿಳಿದುಕೊಳ್ಳಿ. ಈ ವಿಷಯದಲ್ಲಿ ಜಾಸ್ತಿ ಪಾಠ ಕಲಿಸಿದ್ದು ಅಮೆರಿಕದ ದೊಡ್ಡ ಪಿಕಪ್‌ಗಳು, ಅದಕ್ಕೇ ಉದಾಹರಣೆಗಳೂ ಅಲ್ಲಿಯವೇ. ಬಾಷ್ ಕಂಪನಿಯ ಸಿಪಿ3 ಅನ್ನುವ ಪಂಪಿಗೆ ಗಟ್ಟಿಮುಟ್ಟು ಅಂತ ಹೆಸರಿದೆ. ಅದರಲ್ಲಿ ಮೂರು ಪಿಸ್ಟನ್. ಆಮೇಲೆ ಬಂದ ಸಿಪಿ4 ಸಾಲಿನ ಸಿಪಿ4.2ರಲ್ಲಿ ಎರಡೇ ಪಿಸ್ಟನ್, ಅವನ್ನು ಒತ್ತುವ ಉಬ್ಬುಳ್ಳ ದಂಡ, ಅಂದರೆ ಕ್ಯಾಮ್, ಅದರ ಮೇಲೆ ಉರುಳುವ ರೋಲರ್. ಫೋರ್ಡ್‌ನ 6.7 ಲೀಟರ್ ಪವರ್‌ಸ್ಟ್ರೋಕ್ ಎಂಜಿನ್‌ನಲ್ಲಿ 2011ರ ಮಾಡೆಲ್‌ನಿಂದ ಇದೇ ಇದೆ. ಜಿಎಂ ಕಂಪನಿಯ ಡ್ಯುರಾಮ್ಯಾಕ್ಸ್ ಎಂಜಿನ್‌ನ 2011ರಿಂದ 2016ರವರೆಗಿನ, ಎಲ್‌ಎಂಎಲ್ ಅನ್ನುವ ಮಾದರಿಯಲ್ಲೂ ಇದೇ. ರಾಮ್ ಪಿಕಪ್‌ನ ಕಮ್ಮಿನ್ಸ್ ಎಂಜಿನ್ ಕೂಡ 2019ರಲ್ಲಿ ಸಿಪಿ4ಕ್ಕೆ ಹೋಯಿತು, 2021ರಲ್ಲಿ ಮತ್ತೆ ಸಿಪಿ3ಕ್ಕೇ ವಾಪಸ್ ಬಂತು. 2019 ಮತ್ತು 2020ರ ಗಾಡಿಗಳನ್ನು ಕಂಪನಿಯೇ ರೀಕಾಲ್ ಮಾಡಿತು. ಹೋದವರೇ ವಾಪಸ್ ಬಂದರು ಅಂದಮೇಲೆ ನಾನು ಜಾಸ್ತಿ ಹೇಳುವುದು ಬೇಕಿಲ್ಲ, ಅಲ್ವಾ?

ಸಿಪಿ4 ಹಾಳಾಗುವ ಬಗೆ ಗೊತ್ತಿದ್ದರೆ ಪರಿಹಾರವೂ ತಾನಾಗಿ ಅರ್ಥವಾಗುತ್ತದೆ. ರೋಲರ್ ಕೂತಿರುವ ಟ್ಯಾಪೆಟ್ ತನ್ನ ಗೂಡಿನೊಳಗೆ ತಿರುಗಿಬಿಟ್ಟರೆ ರೋಲರ್ ಅಡ್ಡ ಬೀಳುತ್ತದೆ. ಆಮೇಲೆ ಅದು ಉರುಳುವುದಿಲ್ಲ, ಕ್ಯಾಮನ್ನು ಕೆರೆಯುತ್ತದೆ. ಡೀಸೆಲ್ ಸಾಲದೆ ಬಂದಾಗ, ಗಾಳಿ ಸೇರಿದಾಗ ಇದಕ್ಕೆ ದಾರಿಯಾಗುತ್ತದೆ. ಕೆರೆದು ಬಂದ ಲೋಹದ ಪುಡಿ ಪಂಪಿನಲ್ಲೇ ಉಳಿದಿದ್ದರೆ ಪಂಪ್ ಒಂದರಲ್ಲೇ ಮುಗಿಯುತ್ತಿತ್ತು. ಅದು ರೈಲಿಗೆ ಹೋಗುತ್ತದೆ, ಅಲ್ಲಿಂದ ಎಲ್ಲಾ ಇಂಜೆಕ್ಟರ್‌ಗಳಿಗೆ, ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೂ. ಒಂದು ಪಂಪ್ ಹೋಗಿ ಇಡೀ ಇಂಧನ ವ್ಯವಸ್ಥೆಯನ್ನೇ ಬದಲಿಸುವ ಪರಿಸ್ಥಿತಿ ಬರುವುದು ಹೀಗೆ.

ಇದಕ್ಕೆ ಎರಡು ದಾರಿ ಇವೆ. ಒಂದು, ಸಿಪಿ4 ತೆಗೆದು ಸಿಪಿ3 ಕೂರಿಸುವುದು. ಎಲ್‌ಎಂಎಲ್‌ನಲ್ಲಿ ಇದನ್ನು ತುಂಬಾ ಜನ ಮಾಡಿಸಿದ್ದಾರೆ. ಇನ್ನೊಂದು ಬೈಪಾಸ್ ಕಿಟ್. ಸಿಪಿ4ರಲ್ಲಿ ಡೀಸೆಲ್ ಮೊದಲು ಪಂಪಿನ ಹೊಟ್ಟೆಯೊಳಗೆ ಹೋಗಿ ಕ್ಯಾಮನ್ನು ತೋಯಿಸಿ, ಆಮೇಲೆ ಪಿಸ್ಟನ್‌ಗಳಿಗೆ ಹೋಗುತ್ತದೆ. ಈ ಕಿಟ್ ಆ ಹೊಟ್ಟೆಯ ಡೀಸೆಲನ್ನು ಟ್ಯಾಂಕಿಗೆ ತಿರುಗಿಸಿ, ಪಿಸ್ಟನ್‌ಗಳಿಗೆ ಬೇರೆಯಾಗಿ ಸೋಸಿದ ಡೀಸೆಲ್ ಕೊಡುತ್ತದೆ. ಪಂಪ್ ಉಳಿಯುತ್ತೆ ಅಂತ ತಿಳಿಯಬೇಡಿ. ಹೋಗಬೇಕಾದ ಪಂಪ್ ಹೋಗೇ ಹೋಗುತ್ತದೆ, ಟ್ಯಾಂಕನ್ನೂ ಬಿಚ್ಚಿ ತೊಳೆಯಬೇಕು. ಆದರೆ ಇಂಜೆಕ್ಟರ್‌ಗಳು ಬಚಾವ್. ಗಾಡಿಯನ್ನು ಬಹಳ ವರ್ಷ ಇಟ್ಟುಕೊಳ್ಳುವವರು, ಭಾರ ಎಳೆಯುವವರು ಸಿಪಿ3 ಕಡೆ ನೋಡಲಿ, ಉಳಿದವರಿಗೆ ಕಿಟ್ ಸಾಕು ಅನ್ನುವುದು ನನ್ನ ಲೆಕ್ಕ. ಹಾಗೇ, ಹಳೇ ಪಂಪ್ ಆಗಲೇ ಪುಡಿ ಬಿಡುತ್ತಿದ್ದರೆ ಕಿಟ್ ಹಾಕಿ ಏನು ಬಂತು? ಪಂಪಿನ ಮೇಲಿರುವ ಕಂಟ್ರೋಲ್ ವಾಲ್ವನ್ನು ಬಿಚ್ಚಿಸಿ ನೋಡಿ. ಅಲ್ಲಿ ಮಿನುಗು ಕಂಡರೆ ಗಾಡಿ ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಈಗ ಫೀಡ್ ಪಂಪಿನ ವಿಷಯ, ಅಂದರೆ ಟ್ಯಾಂಕಿನಿಂದ ಡೀಸೆಲನ್ನು ಹೈ ಪ್ರೆಶರ್ ಪಂಪಿಗೆ ತಳ್ಳಿಕೊಡುವ ಸಣ್ಣ ಪಂಪ್. 2001ರಿಂದ 2016ರವರೆಗಿನ ಡ್ಯುರಾಮ್ಯಾಕ್ಸ್ ಎಂಜಿನ್‌ಗಳಿಗೆ ಕಂಪನಿಯಿಂದ ಫೀಡ್ ಪಂಪೇ ಇಲ್ಲ. ಹೈ ಪ್ರೆಶರ್ ಪಂಪೇ ಟ್ಯಾಂಕಿನಿಂದ ಹೀರಿಕೊಳ್ಳಬೇಕು, ಉದ್ದ ಸ್ಟ್ರಾ ಹಾಕಿ ಎಳನೀರು ಹೀರಿದ ಹಾಗೆ. ಸ್ಟ್ರಾದಲ್ಲಿ ಸಣ್ಣ ತೂತಿದ್ದರೆ ಬರೀ ಗಾಳಿ ಬರುತ್ತೆ ನೋಡಿ, ಇಲ್ಲೂ ಅದೇ ಕಥೆ. ಹೀರುವ ಪೈಪಿನಲ್ಲಿ ಸೀಳು ಬಿಟ್ಟರೆ ಡೀಸೆಲ್ ಹೊರಗೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನೆಲದ ಮೇಲೆ ಒಂದು ಹನಿಯೂ ಇರುವುದಿಲ್ಲ.

ನನ್ನ ಗಾಡಿ ಬೆಳಗ್ಗೆ ಹೊತ್ತು ಸ್ಟಾರ್ಟ್ ಆಗಲು ತುಂಬಾ ಸತಾಯಿಸುತ್ತಿತ್ತು. ಬ್ಯಾಟರಿ ಬದಲಿಸಿದೆ, ಗ್ಲೋ ಪ್ಲಗ್ ಬದಲಿಸಿದೆ, ಇಂಜೆಕ್ಟರ್ ಹೋಗಿದೆ ಅಂತ ಒಬ್ಬರು ಹೇಳಿದ್ದನ್ನು ಕೇಳಿ ರಾತ್ರಿ ನಿದ್ದೆಯನ್ನೂ ಕೆಡಿಸಿಕೊಂಡೆ. ಕೊನೆಗೆ ನೋಡಿದರೆ ಫಿಲ್ಟರ್ ಹೆಡ್ಡಿನ ಒಂದು ರಬ್ಬರ್ ಓ-ರಿಂಗ್ ಒಣಗಿ ಬಿರುಕು ಬಿಟ್ಟಿತ್ತು. ಫಿಲ್ಟರ್‌ಗೆ ಒಂದು ತುಂಡು ಪಾರದರ್ಶಕ ಪೈಪ್ ಸೇರಿಸಿ ನೋಡಿದಾಗ ಸೋಡಾ ಬಾಟಲಿಯ ಹಾಗೆ ಗುಳ್ಳೆಗಳು ಕಂಡವು. ಆ ಪೈಪ್ ತುಂಡನ್ನು ಮೊದಲ ದಿನವೇ ಹಾಕಿ ನೋಡಬಹುದಿತ್ತು.

ಟ್ಯಾಂಕಿನ ಹತ್ತಿರ ಒಂದು ಎಲೆಕ್ಟ್ರಿಕ್ ಫೀಡ್ ಪಂಪ್ ಕೂರಿಸಿದರೆ ಪೈಪಿನಲ್ಲಿ ಒತ್ತಡ ಇರುತ್ತದೆ. ಲೀಕ್ ಇದ್ದರೆ ಡೀಸೆಲ್ ಹೊರಗೆ ಬಂದು ಕಣ್ಣಿಗೆ ಬೀಳುತ್ತದೆ. ಒಳ್ಳೆ ಫೀಡ್ ಪಂಪ್ ಸೆಟ್‌ಗಳ ಜೊತೆ ದೊಡ್ಡ ಫಿಲ್ಟರ್, ನೀರು ಬೇರೆ ಮಾಡುವ ಫಿಲ್ಟರ್ ಎರಡೂ ಬರುತ್ತವೆ. ಕೆಲವು ಸೆಟ್‌ಗಳು ಡೀಸೆಲ್‌ನಲ್ಲಿರುವ ಗಾಳಿಯನ್ನೂ ಬಿಡಿಸಿ ಟ್ಯಾಂಕಿಗೆ ಕಳಿಸುತ್ತವೆ. ಒತ್ತಡ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಮಾತ್ರ ಸ್ಕ್ರೂ ತಿರುಗಿಸಬೇಡಿ, ಆ ಪಂಪಿಗೆ ಎಷ್ಟು ಹೇಳಿದ್ದಾರೋ ಅಷ್ಟೇ ಇರಲಿ. ಒಂದು ಗೇಜ್ ಹಾಕಿಸಿಕೊಳ್ಳಿ. ಫಿಲ್ಟರ್ ಕಟ್ಟಿಕೊಳ್ಳುತ್ತಿರುವುದನ್ನು ಆ ಮುಳ್ಳು ಎಂಜಿನ್‌ಗಿಂತ ಮೊದಲೇ ಹೇಳುತ್ತದೆ.

ಇನ್ನೂ ಹಳೇ ಗಾಡಿಗಳಲ್ಲೂ ಕಥೆ ಇದೇ. 1998ರ ನಡುವಿನಿಂದ 2002ರವರೆಗಿನ ಡಾಡ್ಜ್ ಕಮ್ಮಿನ್ಸ್‌ನಲ್ಲಿ ವಿಪಿ44 ಅನ್ನುವ ಪಂಪ್ ಇತ್ತು. ಫೀಡ್ ಪಂಪ್ ಸೊರಗಿದರೆ ಅದೂ ಹಿಂದೆಯೇ ಹೋಗುತ್ತಿತ್ತು. 2003ರಿಂದ 2007ರವರೆಗಿನ ಫೋರ್ಡ್ 6.0 ಲೀಟರ್ ಎಂಜಿನ್‌ನಲ್ಲಿ ಇಂಧನ ಒತ್ತಡ 45 ಪಿಎಸ್‌ಐಗಿಂತ, ಅಂದರೆ ಸುಮಾರು 3 ಬಾರ್‌ಗಿಂತ, ಇಳಿದರೆ ಇಂಜೆಕ್ಟರ್‌ಗಳಿಗೆ ಏಟು. ಅದಕ್ಕೆ ರೆಗ್ಯುಲೇಟರಿನ ಸ್ಪ್ರಿಂಗ್ ಬದಲಿಸುವ ಸಣ್ಣ ಕಿಟ್ ಬರುತ್ತದೆ, ನೀಲಿ ಸ್ಪ್ರಿಂಗ್ ಅಂತಲೇ ಹೆಸರು. ಖರ್ಚಿಗೆ ಹೋಲಿಸಿದರೆ ಇಷ್ಟು ಉಪಕಾರ ಮಾಡುವ ಸಾಮಾನು ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಡೀಸೆಲಿಗೆ ಬೆರೆಸುವ ಔಷಧಿಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಗಂಧಕ ತೆಗೆಯುವ ಕ್ರಿಯೆಯಲ್ಲಿ ಡೀಸೆಲಿನ ಸಹಜ ಜಿಡ್ಡುತನವೂ ಕಡಿಮೆಯಾಗುತ್ತದೆ, ಅದನ್ನು ಮತ್ತೆ ಬೆರೆಸಿಯೇ ಮಾರುತ್ತಾರೆ. ಆ ಜಿಡ್ಡನ್ನು ಅಳೆಯಲು ಡೀಸೆಲ್‌ನಲ್ಲಿ ಲೋಹದ ಮೇಲೆ ಲೋಹ ಉಜ್ಜಿ ನೋಡುತ್ತಾರೆ, ಗಾಯ ಚಿಕ್ಕದಿದ್ದಷ್ಟೂ ಒಳ್ಳೆಯದು. ಆ ಗಾಯದ ಅಗಲ ಅಮೆರಿಕದಲ್ಲಿ 520 ಮೈಕ್ರಾನ್ ತನಕ ಇರಬಹುದು, ಯೂರೋಪಿನಲ್ಲಿ 460 ಅಷ್ಟೇ. ಪಂಪ್ ತಯಾರಿಸುವವರು ಕೇಳುವುದೂ 460ನ್ನೇ. ಜಿಡ್ಡು ಹೆಚ್ಚಿಸುವ ಒಳ್ಳೆ ಅಡಿಟಿವ್ ಹಾಕಿದರೆ ತಪ್ಪಿಲ್ಲ. ನೂರಕ್ಕೆ 2 ಭಾಗ ಬಯೋಡೀಸೆಲ್ ಬೆರೆತಿದ್ದರೂ ಗುಣ ಕಾಣುತ್ತದೆ. ಟೂ ಸ್ಟ್ರೋಕ್ ಆಯಿಲ್ ಸುರಿಯುವ ಅಭ್ಯಾಸ ಮಾತ್ರ ಬೇಡ, ಸೈಲೆನ್ಸರ್‌ನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುವ ಗಾಡಿಗಂತೂ ಬೇಡವೇ ಬೇಡ.

ನೀರಿನ ಮಾತು ಹೇಳಿ ಮುಗಿಸುತ್ತೇನೆ. ಟ್ಯಾಂಕ್ ಅರ್ಧ ಖಾಲಿ ಇಟ್ಟು ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಒಳಗೆ ತೇವ ಹನಿಗಟ್ಟುತ್ತದೆ. ನೀರು ತಳ ಸೇರುತ್ತದೆ, ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತವೆ. ಫಿಲ್ಟರ್ ಕೆಳಗಿನ ತಿರುಪನ್ನು ಆಗಾಗ ಸಡಿಲಿಸಿ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಹಿಡಿಯಿರಿ, ಹತ್ತು ನಿಮಿಷ ಬಿಟ್ಟು ನೋಡಿ. ಗಾಡಿ ಕೊಂಡ ವಾರದಲ್ಲೇ ಫಿಲ್ಟರ್ ಬದಲಿಸಿ, ಹಿಂದಿನವರು ನಿನ್ನೆ ತಾನೇ ಹಾಕಿಸಿದೆ ಅಂದಿದ್ದರೂ ಸರಿ. ತೆಗೆದ ಫಿಲ್ಟರನ್ನು ಸುಮ್ನೆ ಎಸೆಯಬೇಡಿ. ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಹಿಡಿದು ನೋಡಿ, ಒಂದು ಅಯಸ್ಕಾಂತವನ್ನೂ ಮೇಲೆ ಆಡಿಸಿ. ಹೊಸದನ್ನು ಹಾಕಿದ ಮೇಲೆ ಕೈಪಂಪಿನಿಂದಲೋ ಫೀಡ್ ಪಂಪಿನಿಂದಲೋ ಗಾಳಿ ಪೂರ್ತಿ ಬಿಡಿಸಿ, ಆಮೇಲಷ್ಟೇ ಎಂಜಿನ್ ಸ್ಟಾರ್ಟ್ ಮಾಡಿ. ಸ್ಟಾರ್ಟರ್ ಒತ್ತಿ ಒತ್ತಿ ಎಂಜಿನ್ ಎಬ್ಬಿಸಿದರೆ ಪಂಪ್ ಅಷ್ಟು ಹೊತ್ತೂ ಒಣಗಿಯೇ ತಿರುಗುತ್ತಿರುತ್ತದೆ. ಇನ್ನೊಂದು ಫಿಲ್ಟರ್, ಅದನ್ನು ಬಿಚ್ಚುವ ಪಾನಾ, ಎರಡು ಹೊಸ ಓ-ರಿಂಗ್, ಇಷ್ಟು ಸೀಟಿನ ಕೆಳಗೆ ಇರಲಿ. ನಮಸ್ಕಾರ.