ಪಹಣಿಯಲ್ಲಿಲ್ಲದ ಗದ್ದೆ ಮತ್ತು ಆಕ್ಸ್‌ಫರ್ಡಿನ ಮೇಷ್ಟ್ರು

ಈಗ ನೀವು ನೋಡುತ್ತಿರುವ, ಕಾನಿನ ಅಂಚಿಗೆ ತಾಗಿಕೊಂಡಿರುವ ಈ ನಾಲ್ಕು ಗದ್ದೆಗಳು ಸಾಗರ ತಾಲ್ಲೂಕಿನ ಇಳಿಜಾರಿನಲ್ಲಿ ನಮ್ಮ ಅಜ್ಜ ಬೇಣ ಅಗೆದು ಮಾಡಿದಂಥವು. ಸುತ್ತಲಿನ ಅಗಳನ್ನು ತೋಡಿದವರೂ ಅವರೇ. ಊರಿನಲ್ಲಿ ಯಾರನ್ನು ಕೇಳಿದರೂ ಇದು ಅಜ್ಜನ ಗದ್ದೆ ಎಂದೇ ಹೇಳುತ್ತಾರೆ; ನೆರೆಯವರ ದನ ನುಗ್ಗಿ ಸಸಿ ಮೇಯ್ದರೆ ಅವರೇ ಬಂದು ತಪ್ಪಾಯಿತೆಂದು ಹೇಳಿ ಹೋಗುತ್ತಾರೆ. ಆದರೆ ಪಹಣಿಯಲ್ಲಿ ಮಾಲೀಕರ ಹೆಸರು ಬರೆಯುವ ಒಂಬತ್ತನೇ ಕಾಲಂನಲ್ಲಿ ಇರುವುದು ‘ಸರ್ಕಾರಿ’ ಎಂಬ ಒಂದೇ ಮಾತು. ಬಗರ್ ಹುಕುಂ ಎಂದರೆ ಇಷ್ಟೇ: ಹುಕುಂ ಇಲ್ಲದ ಸಾಗುವಳಿ.

ಶಿವಮೊಗ್ಗದಲ್ಲಿ ಕಾನೂನು ಓದುತ್ತಿದ್ದಾಗ ನ್ಯಾಯಶಾಸ್ತ್ರದ ಪತ್ರಿಕೆ ನನಗೆ ಬೇಡವಾದ ಪತ್ರಿಕೆಯಾಗಿತ್ತು. ಅದರಲ್ಲಿ ಬರುವ ಎಚ್. ಎಲ್. ಎ. ಹಾರ್ಟ್ ಎಂಬ ಹೆಸರನ್ನು ಗೈಡಿನಿಂದ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮರುದಿನ ಮರೆತಿದ್ದೆ. ವಕೀಲನಾಗಿ ಈ ಗದ್ದೆಯ ಕಾಗದಗಳನ್ನು ಬಿಚ್ಚಿ ಕುಳಿತಾಗ ಆ ಹೆಸರು ತಾನಾಗಿ ಮರಳಿ ಬಂತು.

ಹಾರ್ಟ್ ಹುಟ್ಟಿದ್ದು 1907ರಲ್ಲಿ, ಇಂಗ್ಲೆಂಡಿನ ಹ್ಯಾರೊಗೇಟ್‌ನ ಯಹೂದಿ ಕುಟುಂಬವೊಂದರಲ್ಲಿ. ಆಕ್ಸ್‌ಫರ್ಡಿನ ನ್ಯೂ ಕಾಲೇಜಿನಲ್ಲಿ ಅವರು ಓದಿದ್ದು ಗ್ರೀಕ್, ಲ್ಯಾಟಿನ್ ಮತ್ತು ತತ್ತ್ವಶಾಸ್ತ್ರವನ್ನೇ ಹೊರತು ಕಾನೂನನ್ನಲ್ಲ. ಕಾನೂನಿನ ಪದವಿಯೇ ಇಲ್ಲದ ಆ ಮನುಷ್ಯ 1932ರಲ್ಲಿ ಬ್ಯಾರಿಸ್ಟರ್ ಆಗಿ, ಆಸ್ತಿ, ಟ್ರಸ್ಟ್‌ಗಳ ಮೊಕದ್ದಮೆಗಳನ್ನು ಎಂಟು ವರ್ಷ ನಡೆಸಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬೇಹುಗಾರಿಕೆ ಇಲಾಖೆಯಲ್ಲಿದ್ದು, 1945ರಲ್ಲಿ ತತ್ತ್ವಶಾಸ್ತ್ರದ ಮೇಷ್ಟ್ರಾಗಿ ಕಾಲೇಜಿಗೆ ಮರಳಿದರು. 1952ರಲ್ಲಿ ನ್ಯಾಯಶಾಸ್ತ್ರದ ಪ್ರಾಧ್ಯಾಪಕ ಪೀಠ ಅವರಿಗೆ ಬಂತು. ಪಾಠಕ್ಕೆಂದು ಸಿದ್ಧಪಡಿಸಿದ ಟಿಪ್ಪಣಿಗಳೇ ಬೆಳೆದು, 1961ರಲ್ಲಿ ‘ದಿ ಕಾನ್ಸೆಪ್ಟ್ ಆಫ್ ಲಾ’ ಎಂಬ ಪುಸ್ತಕವಾದವು.

ಅವರಿಗಿಂತ ಮೊದಲು ಜಾನ್ ಆಸ್ಟಿನ್ ಎಂಬ ಹತ್ತೊಂಬತ್ತನೇ ಶತಮಾನದ ಚಿಂತಕರು, ಕಾನೂನೆಂದರೆ ಸಾರ್ವಭೌಮನ ಆಜ್ಞೆ, ಮೀರಿದರೆ ಶಿಕ್ಷೆ, ಎಂದು ಹೇಳಿಬಿಟ್ಟಿದ್ದರು. ಹಾಗಾದರೆ ಪಿಸ್ತೂಲು ತೋರಿಸಿ ಹಣ ಕಸಿಯುವವನ ಮಾತಿಗೂ ಕಾನೂನಿಗೂ ಏನು ವ್ಯತ್ಯಾಸ ಎಂಬುದು ಹಾರ್ಟ್ ಕೇಳಿದ ಪ್ರಶ್ನೆ. ಬೇರೆ ದಾರಿಯಿಲ್ಲದೆ ಕೊಡುವುದು ಬೇರೆ, ಕೊಡಬೇಕಾದದ್ದು ನನ್ನ ಹೊಣೆಯೆಂದು ತಿಳಿದು ಕೊಡುವುದು ಬೇರೆ. ಈ ಮಾತು ಮಲೆನಾಡಿನವರಿಗೆ ಬೇಗ ಅರ್ಥವಾಗಬೇಕು. ಇಲ್ಲಿಂದ ಹೆಚ್ಚು ದೂರವಿಲ್ಲದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತದ್ದು ಗೇಣಿ ಅಳೆಯುವ ಕೊಳಗದ ಗಾತ್ರದಿಂದ ಶುರುವಾದ ಜಗಳದಲ್ಲಿ. ಒಡೆಯರ ದೊಡ್ಡ ಕೊಳಗಕ್ಕೆ ತಲೆಬಾಗಿ ಭತ್ತ ಸುರಿದವರೆಲ್ಲ ಆ ಅಳತೆಯನ್ನು ನ್ಯಾಯವೆಂದು ಒಪ್ಪಿದ್ದರೇ, ಅಥವಾ ಗದ್ದೆ ಬಿಡಿಸಿಯಾರೆಂಬ ಹೆದರಿಕೆಗೆ ಸುರಿದರೇ? ಹೊರಗೆ ನಿಂತು ನೋಡುವವನಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ನಿಯಮವನ್ನು ತನ್ನದೆಂದು ಒಪ್ಪಿಕೊಂಡವನ ಒಳಗಣ್ಣಿನಿಂದ ನೋಡದಿದ್ದರೆ ಕಾನೂನು ತಿಳಿಯುವುದೇ ಇಲ್ಲ ಎಂಬುದು ಹಾರ್ಟ್ ವಾದದ ತಿರುಳು.

ಇನ್ನೊಂದು ಮಾತಿದೆ, ನನ್ನ ಗದ್ದೆಗೆ ನೇರವಾಗಿ ತಾಗುವಂಥದ್ದು. ಬರೀ ರೂಢಿಯ ಮೇಲೆ ನಡೆಯುವ ಸಣ್ಣ ಸಮಾಜದಲ್ಲಿ ನಿಯಮಗಳಿರುತ್ತವೆ. ಆದರೆ ಯಾವುದು ನಿಯಮ ಎಂಬ ಅನುಮಾನ ಬಂದಾಗ ಅದನ್ನು ತೀರ್ಮಾನಿಸುವ ಗುರುತಿನ ನಿಯಮವೊಂದು ಅಲ್ಲಿ ಇರುವುದಿಲ್ಲ. ಅದು ಹುಟ್ಟಿದಾಗಲೇ ಕಾನೂನು ವ್ಯವಸ್ಥೆ ಹುಟ್ಟುತ್ತದೆ ಎನ್ನುತ್ತಾರೆ ಹಾರ್ಟ್. ನೆರೆಯವನು ದನ ಹೊಡೆದುಕೊಂಡು ಹೋಗುವಾಗ ಪಾಲಿಸುವುದು ರೂಢಿಯನ್ನು. ತಹಶೀಲ್ದಾರರ ಕಚೇರಿ ಕೇಳುವುದು ಗುರುತನ್ನು. ಅಜ್ಜನ ತಗಡಿನ ಪೆಟ್ಟಿಗೆಯಲ್ಲಿ, ಸಾಗುವಳಿಯನ್ನು ಸಕ್ರಮ ಮಾಡಿಕೊಡಿ ಎಂದು ಕೊಟ್ಟ ನಮೂನೆ 50ರ ಅರ್ಜಿಯ ಸ್ವೀಕೃತಿ ಮಡಿಕೆಯಲ್ಲಿ ಹರಿದು, ಅನ್ನದ ಗಂಜಿಯಲ್ಲಿ ಅಂಟಿಸಿಕೊಂಡು ಇದೆ. ಅದರ ಮೇಲೆ ನಮೂನೆ 53, ಅದರ ಮೇಲೆ ಅಪ್ಪ ಹಾಕಿದ 57. “ತಮಾ, ಊರಿಗೆ ಗೊತ್ತಿದ್ದದ್ದು ಆಫೀಸಿಗೆ ಗೊತ್ತಿರೂದಿಲ್ಲ” ಎಂದು ಅಜ್ಜ ಹೇಳುತ್ತಿದ್ದರು. ಹಾರ್ಟ್ ಅದಕ್ಕೆ ಒಂದು ಅಧ್ಯಾಯ ತೆಗೆದುಕೊಂಡರು.

ಕೆಟ್ಟ ಕಾನೂನು ಕಾನೂನೇ ಅಲ್ಲವೆನ್ನಬೇಕೇ ಎಂಬ ಬಗ್ಗೆ 1958ರಲ್ಲಿ ಹಾರ್ಟ್ ಅವರಿಗೂ ಅಮೆರಿಕದ ಲಾನ್ ಫುಲ್ಲರ್ ಅವರಿಗೂ ಹಾರ್ವರ್ಡ್‌ನ ಕಾನೂನು ಪತ್ರಿಕೆಯಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ನಾಜಿ ಜರ್ಮನಿಯ ಕಾಯಿದೆಗಳು ಅವರ ಕಣ್ಣ ಮುಂದಿದ್ದವು. ಅವು ಕಾನೂನು ಹೌದು, ಆದರೆ ಪಾಲಿಸಲಾಗದಷ್ಟು ನೀಚವಾದವು ಎಂದು ನೇರವಾಗಿ ಹೇಳುವುದೇ ಪ್ರಾಮಾಣಿಕತೆ ಎಂಬುದು ಹಾರ್ಟ್ ನಿಲುವು. ವಿದ್ಯಾರ್ಥಿಯಾಗಿದ್ದಾಗ ಇದು ನನಗೆ ಕಲ್ಲೆದೆಯ ಮಾತೆನಿಸಿತ್ತು, ಈಗ ಹಾಗೆನಿಸುವುದಿಲ್ಲ. ಇದೇ ಮನುಷ್ಯ, ವಯಸ್ಕ ಗಂಡಸರ ಸಲಿಂಗ ಸಂಬಂಧವನ್ನು ಸಮಾಜದ ನೀತಿಯ ಹೆಸರಿನಲ್ಲಿ ಅಪರಾಧವೆನ್ನಬಾರದೆಂದು ನ್ಯಾಯಾಧೀಶ ಡೆವ್ಲಿನ್ ಅವರ ವಿರುದ್ಧ ವಾದಿಸಿದರು. ಇಂಗ್ಲೆಂಡಿನ ಕಾಯಿದೆ 1967ರಲ್ಲಿ ಬದಲಾಯಿತು.

1969ರಲ್ಲಿ ಅವರ ಪೀಠಕ್ಕೆ ಬಂದವರು ರೊನಾಲ್ಡ್ ಡ್ವರ್ಕಿನ್. ಎರಡೇ ವರ್ಷದ ಹಿಂದೆ ಹಾರ್ಟ್ ಸಿದ್ಧಾಂತವನ್ನು ಬುಡದಿಂದ ಅಲುಗಾಡಿಸುವ ಲೇಖನ ಬರೆದವರು ಅವರೇ. ಡ್ವರ್ಕಿನ್‌ಗೆ ಕೊಡಬೇಕಾದ ಉತ್ತರವನ್ನು ಹಾರ್ಟ್ ವರ್ಷಗಟ್ಟಲೆ ಬರೆದರು, ತಿದ್ದಿದರು, ಮುಗಿಸಲಿಲ್ಲ. 1992ರಲ್ಲಿ ತೀರಿಕೊಂಡ ಮೇಲೆ, 1994ರಲ್ಲಿ ಅದು ಪುಸ್ತಕದ ಎರಡನೇ ಆವೃತ್ತಿಗೆ ಸೇರಿ ಅಚ್ಚಾಯಿತು.

ಕಳೆದ ತಿಂಗಳು ಈ ಗದ್ದೆಯ ಪರವಾಗಿ ಬಗರ್ ಹುಕುಂ ಸಕ್ರಮ ಸಮಿತಿಗೆ ಮನವಿ ಬರೆಯುವಾಗ, ಕಾಯಿದೆ ಏನು ಹೇಳುತ್ತದೆ ಎಂದು ಒಂದು ಪ್ಯಾರಾ, ಏನು ಹೇಳಬೇಕಿತ್ತು ಎಂದು ಇನ್ನೊಂದು ಪ್ಯಾರಾ, ಬೇರೆ ಬೇರೆಯಾಗಿ ಬರೆದೆ. ನಮ್ಮ ಹಿರಿಯ ವಕೀಲರು ಎರಡನೆಯದರ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆದು, “ಇದನ್ನ ಶಾಸಕರಿಗೆ ಕೊಡು ಮಾರಾಯ, ಸಮಿತಿಗೆ ಮೊದಲನೇದು ಸಾಕು” ಎಂದರು. ಎರಡೂ ಪ್ರತಿ ಈಗ ಅದೇ ತಗಡಿನ ಪೆಟ್ಟಿಗೆಯಲ್ಲಿವೆ, ಗೀಟು ಎಳೆದದ್ದೂ ಸೇರಿ.