ಕಣ್ಣ ಕೆಳಗೆ ಚಮಕಿ: ಮಾರ್ಕ್ ಬೋಲನ್

ಕೇಳುಗರಿಗೆ ನಮಸ್ಕಾರ. ಮಿನುಗುವ ಬಟ್ಟೆ, ಬಣ್ಣ ಹಚ್ಚಿದ ಮುಖದ ಎಪ್ಪತ್ತರ ದಶಕದ ರಾಕ್ ಸಂಗೀತಕ್ಕೆ ಗ್ಲ್ಯಾಮ್ ರಾಕ್ ಎಂದು ಹೆಸರು. ಹಾಗೆಂದೊಡನೆ ಬಹಳ ಜನರಿಗೆ ಬ್ರಿಟನ್ನಿನ ಗಾಯಕ ಡೇವಿಡ್ ಬೋವಿ ನೆನಪಾಗುತ್ತಾನೆ. ಆದರೆ ಆ ದಾರಿಯನ್ನು ಮೊದಲು ತುಳಿದವನು ಟಿ. ರೆಕ್ಸ್ ತಂಡದ ಮಾರ್ಕ್ ಬೋಲನ್. ಇವತ್ತಿನ ಮಾತು ಅವನ ಬಗ್ಗೆ. ಮೂವತ್ತು ತುಂಬಲು ಎರಡು ವಾರ ಇರುವಾಗಲೇ ಅವನು ತೀರಿಕೊಂಡ. ಅವನನ್ನು ಕುರಿತು ಬರೆದವರು ಸ್ಯಾಟಿನ್ ಕೋಟು, ಗುಂಗುರು ಕೂದಲು, ಕೆನ್ನೆಯ ಮೇಲಿನ ಮಿನುಗುಪುಡಿಯನ್ನು ಬಣ್ಣಿಸಿದಷ್ಟು ಅವನ ಕಿವಿಯನ್ನು ಬಣ್ಣಿಸಲಿಲ್ಲ. ಮೂರು ನಿಮಿಷದ ಹಾಡನ್ನು ಒಂದು ಗುಲಗಂಜಿಯಷ್ಟೂ ವ್ಯರ್ಥವಿಲ್ಲದಂತೆ ಕಟ್ಟುವ ಕಸುಬು ಅವನಿಗೆ ಒಲಿದಿತ್ತು. ಅವನ ದೊಡ್ಡತನ ಇರುವುದು ಅಲ್ಲಿ ಎಂದು ನಾನು ನಂಬಿದ್ದೇನೆ.

ಹುಟ್ಟಿದ್ದು 1947ರ ಸೆಪ್ಟೆಂಬರ್ 30ರಂದು, ಲಂಡನ್ನಿನ ಹ್ಯಾಕ್ನಿಯಲ್ಲಿ. ಆಗಿನ ಹೆಸರು ಮಾರ್ಕ್ ಫೆಲ್ಡ್. ಯಹೂದಿ ಮನೆತನದ ಅಪ್ಪ ಲಾರಿ ಓಡಿಸುತ್ತಿದ್ದ. ಅಮ್ಮ ಸೋಹೋದ ಬರ್ವಿಕ್ ಸ್ಟ್ರೀಟ್ ಮಾರುಕಟ್ಟೆಯಲ್ಲಿ ಅಂಗಡಿ ನೋಡಿಕೊಳ್ಳುತ್ತಿದ್ದಳು. ಒಂಬತ್ತು ವರ್ಷಕ್ಕೆ ಕೈಗೆ ಗಿಟಾರ್ ಬಂತು. ಹದಿನೈದರ ಹೊತ್ತಿಗೆ ಶಾಲೆ ಮುಗಿದುಹೋಯಿತು. ಬಟ್ಟೆಯ ಹುಚ್ಚು ಮಾತ್ರ ಆಗಲೇ ಬೇರೂರಿತ್ತು. 1962ರಲ್ಲಿ 'ಟೌನ್' ಎಂಬ ಪತ್ರಿಕೆ ಲಂಡನ್ನಿನ 'ಮಾಡ್' ಹುಡುಗರ, ಅಂದರೆ ಹೊಸ ಮಾದರಿಯ ಅಚ್ಚುಕಟ್ಟು ಬಟ್ಟೆಗೆ ಮರುಳಾದವರ ಬಗ್ಗೆ ಲೇಖನ ಮಾಡಿದಾಗ ಅದರಲ್ಲಿ ಈ ಹುಡುಗನ ಚಿತ್ರಗಳಿದ್ದವು. ಮುಂದೆ ಅವನು ತೊಟ್ಟ ವೇಷಗಳನ್ನು ಮಾರಾಟದ ತಂತ್ರ ಎಂದವರಿಗೆ ಈ ಚಿತ್ರಗಳೇ ಉತ್ತರ. ಮಾರುವುದಕ್ಕೆ ಏನೂ ಇಲ್ಲದ ಕಾಲದಲ್ಲೂ ಅವನು ಹಾಗೆಯೇ ಇದ್ದ.

1967ರಲ್ಲಿ ಸ್ಟೀವ್ ಪೆರಿಗ್ರಿನ್ ಟುಕ್ ಎಂಬ ಬಾಂಗೋ ವಾದಕನ ಜೊತೆ 'ಟೈರನೋಸಾರಸ್ ರೆಕ್ಸ್' ತಂಡ ಶುರುವಾಯಿತು. ಇದಕ್ಕೆ ಸ್ವಲ್ಪ ಮೊದಲು ಬೋಲನ್ ಲಕ್ಸೆಂಬರ್ಗಿನಲ್ಲಿ ರವಿಶಂಕರ್ ಅವರ ಸಿತಾರ್ ಕಛೇರಿ ನೋಡಿದ್ದನಂತೆ. ಜಮಖಾನದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಊದುಬತ್ತಿಯ ಹೊಗೆಯ ನಡುವೆ ನುಡಿಸುವ ಆ ರೀತಿ ಅವನ ಮನಸ್ಸಿಗೆ ಹಿಡಿಸಿತೆಂದು ಆಗಿನ ಮ್ಯಾನೇಜರ್ ಸೈಮನ್ ನೇಪಿಯರ್-ಬೆಲ್ ಹೇಳಿದ್ದಾನೆ. ಬೋಲನ್ ಕೂಡ ಹಾಗೆಯೇ ನೆಲದ ಮೇಲೆ ಕೂತು, ಮಾಂತ್ರಿಕರು, ಯಕ್ಷಿಣಿಯರು, ಇಲ್ಲದ ದೇಶಗಳ ಹಾಡುಗಳನ್ನು ನಡುಗುವ ದನಿಯಲ್ಲಿ ಹಾಡತೊಡಗಿದ. ಈ ಹಾಡುಗಳನ್ನು ಜನರಿಗೆ ಮುಟ್ಟಿಸಿದ್ದು ರೇಡಿಯೋ ಎನ್ನುವುದನ್ನು ಈ ಮೈಕಿನ ಮುಂದೆ ಕೂತು ಹೇಳಲು ನನಗೆ ಸಂತೋಷ. ಜಾನ್ ಪೀಲ್ ಎಂಬ ನಿರೂಪಕ ತನ್ನ ಕಾರ್ಯಕ್ರಮಗಳಲ್ಲಿ ಇವರನ್ನು ಪಟ್ಟುಹಿಡಿದು ಕೇಳಿಸಿದ. ತಂಡದ ಮೊದಲ ಆಲ್ಬಮ್ಮಿನಲ್ಲಿ ಬೋಲನ್ ಬರೆದ ಪುಟ್ಟ ಕಥೆಯೊಂದನ್ನು ಓದಿದವನೂ ಪೀಲ್‌ನೇ.

1970ರಲ್ಲಿ ಬೋಲನ್ ತಂಡದ ಹೆಸರನ್ನು 'ಟಿ. ರೆಕ್ಸ್' ಎಂದು ಮೊಟಕು ಮಾಡಿದ, ಎಲೆಕ್ಟ್ರಿಕ್ ಗಿಟಾರ್ ಎತ್ತಿಕೊಂಡ. ಆಗ ಬಂದದ್ದು 'ರೈಡ್ ಎ ವೈಟ್ ಸ್ವಾನ್'. ಅದರಲ್ಲಿ ಡ್ರಮ್ಸ್ ಇಲ್ಲ. ಚಪ್ಪಾಳೆ, ಗಿಟಾರ್, ಹಿನ್ನೆಲೆಯಲ್ಲಿ ಒಂದಷ್ಟು ಪಿಟೀಲು, ಅಷ್ಟೇ. ಬ್ರಿಟನ್ನಿನ ರೆಕಾರ್ಡು ಮಾರಾಟದ ಪಟ್ಟಿಯಲ್ಲಿ ಅದು ಎರಡನೆಯ ಸ್ಥಾನಕ್ಕೆ ಏರಿತು. ಮುಂದಿನ ಹಾಡು 'ಹಾಟ್ ಲವ್' ಆರು ವಾರ ಮೊದಲ ಸ್ಥಾನದಲ್ಲಿ ಕೂತಿತು. 1971ರ ಮಾರ್ಚ್‌ನಲ್ಲಿ 'ಟಾಪ್ ಆಫ್ ದ ಪಾಪ್ಸ್' ಎಂಬ ಟಿವಿ ಕಾರ್ಯಕ್ರಮಕ್ಕೆ ಬಂದಾಗ ಬೋಲನ್ ಸ್ಯಾಟಿನ್ ತೊಟ್ಟಿದ್ದ, ಕಣ್ಣ ಕೆಳಗೆ ಚಮಕಿ ಹಚ್ಚಿದ್ದ. ಅದನ್ನು ಹಚ್ಚಿಸಿದವಳು ಅವನ ಪ್ರಚಾರ ನೋಡಿಕೊಳ್ಳುತ್ತಿದ್ದ ಚೆಲೀಟಾ ಸೆಕುಂಡಾ ಎನ್ನುತ್ತಾರೆ. ಗ್ಲ್ಯಾಮ್ ರಾಕ್ ಹುಟ್ಟಿದ್ದೇ ಆ ಸಂಜೆ ಎಂದು ಹೇಳುವವರು ಬಹಳ ಜನ.

ಈಗ ಆ ಕಸುಬಿನ ಮಾತು. ಅದೇ ವರ್ಷದ 'ಗೆಟ್ ಇಟ್ ಆನ್' ಹಾಡನ್ನು ಗಮನವಿಟ್ಟು ಕೇಳಿ. ಗಿಟಾರ್ ನುಡಿಸುವುದು ಅಮೆರಿಕದ ರಾಕ್ ಅಂಡ್ ರೋಲ್ ಗಾಯಕ ಚಕ್ ಬೆರಿಯ ಐವತ್ತರ ದಶಕದ ಹಳೆಯ ಧಾಟಿಯನ್ನು. ಬೋಲನ್ ಈ ಸಾಲವನ್ನು ಬಚ್ಚಿಡಲಿಲ್ಲ, ಹಾಡಿನ ಕೊನೆಯಲ್ಲಿ ಬೆರಿಯದೇ ಒಂದು ಸಾಲನ್ನು ಬಹಿರಂಗವಾಗಿ ಉಸುರುತ್ತಾನೆ. ಆದರೆ ಬೆರಿಯ ಓಟವನ್ನು ತಗ್ಗಿಸಿ, ಸೊಂಟ ಬಳುಕುವ ನಡಿಗೆಗೆ ಇಳಿಸಿದ್ದಾನೆ. ನಿರ್ಮಾಪಕ ಟೋನಿ ವಿಸ್ಕಾಂಟಿ ಅದರ ಮೇಲೆ ಪಿಟೀಲುಗಳನ್ನು ಹಾಸಿದ್ದಾನೆ. ಹೋವರ್ಡ್ ಕೇಲನ್ ಮತ್ತು ಮಾರ್ಕ್ ವಾಲ್ಮನ್ ಎಂಬ ಇಬ್ಬರು ಅಮೆರಿಕನ್ನರು ಹೆಣ್ಣುದನಿಗೆ ಸಮೀಪದ ತಾರಕದಲ್ಲಿ ಹಿಂದಿನಿಂದ ಹಾಡುತ್ತಾರೆ. ನಡುನಡುವೆ ಪಿಯಾನೋದ ಮೇಲೆ ಬೆರಳು ಜಾರಿಸಿದ ಸದ್ದು ಬರುತ್ತದಲ್ಲ, ಅದು ರಿಕ್ ವೇಕ್‌ಮನ್‌ನದು. ಮುಂದೆ ದೊಡ್ಡ ಹೆಸರು ಮಾಡಿದ ವೇಕ್‌ಮನ್ ಆಗ ಮನೆ ಬಾಡಿಗೆಗೆ ಪರದಾಡುತ್ತಿದ್ದ. ಇಷ್ಟೆಲ್ಲದರ ಮಧ್ಯೆ ಬೋಲನ್ ಕೂಗುವುದೇ ಇಲ್ಲ. ಮೈಕಿಗೆ ತುಟಿ ತಾಗಿಸಿದಂತೆ ಪಿಸುಗುಟ್ಟುತ್ತಾನೆ. ಸಾವಿರಾರು ಜನರ ಹಾಡು, ಆದರೂ ಒಬ್ಬರ ಕಿವಿಯಲ್ಲಿ ಹೇಳಿದ ಹಾಗೆ. ಪದಗಳಿಗೆ ಅರ್ಥ ಹುಡುಕಿ ಸೋತವರಿದ್ದಾರೆ. ಅವು ಬಾಯಲ್ಲಿ ಹೊರಳುವ ಸುಖಕ್ಕಾಗಿ ಆರಿಸಿದ ಪದಗಳು.

ಹಳೆಯ ಹಿಪ್ಪಿ ಅಭಿಮಾನಿಗಳಿಗೆ ಇದು ದ್ರೋಹವಾಗಿ ಕಂಡಿತು. ಜಾನ್ ಪೀಲ್‌ಗೂ ಈ ಹಾಡು ಹಿಡಿಸಲಿಲ್ಲ, ಸ್ನೇಹ ಮುರಿಯಿತು. ಅವರ ಜಾಗಕ್ಕೆ ಬಂದವರು ಹನ್ನೆರಡು, ಹದಿಮೂರರ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು. 1972ರ ಮಾರ್ಚ್ 18ರಂದು ವೆಂಬ್ಲಿಯ ಎಂಪೈರ್ ಪೂಲ್‌ನಲ್ಲಿ ಟಿ. ರೆಕ್ಸ್ ಎರಡು ಪ್ರದರ್ಶನ ಕೊಟ್ಟಿತು. ಬೀಟಲ್ಸ್‌ನ ರಿಂಗೋ ಸ್ಟಾರ್ ಸ್ವತಃ ಅದನ್ನು ಚಿತ್ರೀಕರಿಸಿದ. ಆ ಚಿತ್ರದಲ್ಲಿ ನನ್ನ ಕಣ್ಣು ಮತ್ತೆ ಮತ್ತೆ ಹೋಗುವುದು ವೇದಿಕೆಯ ಮೇಲಲ್ಲ, ಸಭೆಯ ಮೇಲೆ. ಕೆನ್ನೆಗೆ ಚಮಕಿ ಹಚ್ಚಿಕೊಂಡು ಅಳುತ್ತಿರುವ, ಕುಣಿಯುತ್ತಿರುವ ಹುಡುಗಿಯರು. ದೊಡ್ಡ ವಿಮರ್ಶಕರು ಇದನ್ನು ಮಕ್ಕಳ ಗಲಾಟೆ ಎಂದು ತಳ್ಳಿಹಾಕಿದರು. ನಾನು ಒಪ್ಪುವುದಿಲ್ಲ. ಅಣ್ಣ ಅಕ್ಕಂದಿರ ಗಂಭೀರ ರಾಕ್ ಸಂಗೀತದಲ್ಲಿ ಜಾಗವಿಲ್ಲದ ಆ ಮಕ್ಕಳಿಗೆ, ಇದು ನಿಮ್ಮದು ಎಂದು ಹಾಡು ಕೊಟ್ಟವನು ಬೋಲನ್. ಮಕ್ಕಳು ಮೆಚ್ಚಿದರೆಂಬ ಕಾರಣಕ್ಕೆ ಹಾಡಿನ ಬೆಲೆ ಇಳಿಯುವುದಿಲ್ಲ.

ಆ ಅಲೆ ಹೆಚ್ಚು ದಿನ ನಿಲ್ಲಲಿಲ್ಲ. ಆ ವರ್ಷ 'ಟೆಲಿಗ್ರಾಮ್ ಸ್ಯಾಮ್', 'ಮೆಟಲ್ ಗುರು' ಎರಡೂ ಮೊದಲ ಸ್ಥಾನಕ್ಕೆ ಬಂದವು. ಆಮೇಲೆ ಆ ಸ್ಥಾನ ಅವನಿಗೆ ಮತ್ತೆ ಸಿಗಲಿಲ್ಲ. ವಿಸ್ಕಾಂಟಿ ದೂರವಾದ. ಹೆಂಡತಿ ಜೂನ್‌ಳ ಜೊತೆಗಿನ ಬಾಳು ಒಡೆಯಿತು. ಕುಡಿತ, ಕೊಕೇನ್ ಅವನನ್ನು ತಿಂದವು. ಮತ್ತೆ ನೆಲೆ ಸಿಕ್ಕಿದ್ದು ಅಮೆರಿಕದ ಸೋಲ್ ಗಾಯಕಿ ಗ್ಲೋರಿಯಾ ಜೋನ್ಸ್ ಜೊತೆ. 1975ರ ಸೆಪ್ಟೆಂಬರ್‌ನಲ್ಲಿ ಮಗ ರೋಲನ್ ಹುಟ್ಟಿದ.

1977ರ ಬೋಲನ್ ನನಗೆ ಬಹಳ ಪ್ರಿಯ. ಒರಟಾದ, ವೇಗದ ಹೊಸ ರಾಕ್ ನುಡಿಸುತ್ತಿದ್ದ ಪಂಕ್ ಹುಡುಗರನ್ನು ಕಂಡು ಅವನ ಸರೀಕರು ಮೂಗು ಮುರಿಯುತ್ತಿದ್ದಾಗ, ಅವನು 'ದ ಡ್ಯಾಮ್ಡ್' ತಂಡವನ್ನು ತನ್ನ ಪ್ರವಾಸಕ್ಕೆ ಕರೆದುಕೊಂಡು ಹೋದ. ಗ್ರನಾಡಾ ಟಿವಿಯಲ್ಲಿ 'ಮಾರ್ಕ್' ಎಂಬ ಅವನದೇ ಕಾರ್ಯಕ್ರಮ ಬಂತು. ಅಲ್ಲಿ 'ದ ಜ್ಯಾಮ್', 'ಜನರೇಷನ್ ಎಕ್ಸ್' ತರದ ಹೊಸಬರಿಗೆ ವೇದಿಕೆ ಕೊಟ್ಟ. ಕೊನೆಯ ಕಂತಿನ ಅತಿಥಿ ಡೇವಿಡ್ ಬೋವಿ, ಹದಿಹರೆಯದಿಂದಲೂ ಗೆಳೆಯ, ಎದುರಾಳಿ. ಅದನ್ನು ಸೆಪ್ಟೆಂಬರ್ 7ರಂದು ಚಿತ್ರೀಕರಿಸಿದರು. ಒಂಬತ್ತು ದಿನಗಳ ನಂತರ, 16ರ ಬೆಳಗಿನ ಜಾವ, ಲಂಡನ್ನಿನ ಬಾರ್ನ್ಸ್‌ನಲ್ಲಿ ಗ್ಲೋರಿಯಾ ಓಡಿಸುತ್ತಿದ್ದ ನೇರಳೆ ಬಣ್ಣದ ಮಿನಿ ಕಾರು ರಸ್ತೆ ಬಿಟ್ಟು ಮರಕ್ಕೆ ಅಪ್ಪಳಿಸಿತು. ಪಕ್ಕದಲ್ಲಿದ್ದ ಬೋಲನ್ ಸ್ಥಳದಲ್ಲೇ ಸತ್ತ. ಆಕೆ ತೀವ್ರವಾಗಿ ಗಾಯಗೊಂಡಳು. ಕಾರುಗಳ ಬಗ್ಗೆ ಹಾಡು ಬರೆದ ಬೋಲನ್ ಕಾರು ಓಡಿಸಲು ಕಲಿತಿರಲೇ ಇಲ್ಲ. ಬೋವಿಯ ಆ ಕಂತು ಟಿವಿಯಲ್ಲಿ ಬಂದದ್ದು ಬೋಲನ್‌ನ ಸಾವಿನ ನಂತರ. ರೋಲನ್ ಅಮೆರಿಕದಲ್ಲಿ ಬೆಳೆದ. ಅವನ ಓದಿಗೆ ಬೋವಿ ನೆರವಾದ.

'ದ ಸ್ಮಿತ್ಸ್' ತಂಡದ ಗಿಟಾರ್ ವಾದಕ ಜಾನಿ ಮಾರ್ ಚಿಕ್ಕಂದಿನಲ್ಲಿ ಕೊಂಡ ಮೊದಲ ರೆಕಾರ್ಡು ಬೋಲನ್‌ನ 'ಜೀಪ್‌ಸ್ಟರ್'. ಅಪಘಾತವಾದ ಜಾಗವನ್ನು ಅಭಿಮಾನಿಗಳು ಇಂದಿಗೂ ನೋಡಿಕೊಳ್ಳುತ್ತಿದ್ದಾರೆ. 2020ರಲ್ಲಿ ಟಿ. ರೆಕ್ಸ್‌ಗೆ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಿಕ್ಕಾಗ ತಂಡವನ್ನು ಪರಿಚಯಿಸಿದವನು ರಿಂಗೋ ಸ್ಟಾರ್.

ಬೋಲನ್‌ನನ್ನು ಇನ್ನೂ ಕೇಳದವರು 1971ರ 'ಎಲೆಕ್ಟ್ರಿಕ್ ವಾರಿಯರ್' ಆಲ್ಬಮ್ಮಿನಿಂದ ಶುರುಮಾಡಿ. ಅದರ ಎರಡನೆಯ ಹಾಡು 'ಕಾಸ್ಮಿಕ್ ಡಾನ್ಸರ್'. ವೇಷ ಕಾಣದಂತೆ ಕಣ್ಣು ಮುಚ್ಚಿ ಕೇಳಿ. ಪಿಟೀಲುಗಳು ಬಂದು ಸೇರಿಕೊಳ್ಳುವ ರೀತಿಯನ್ನು ಗಮನಿಸಿ. ನಮಸ್ಕಾರ.