ಹೊರಗೆ 33 ಡಿಗ್ರಿ, ಕಾರಲ್ಲಿ 41: ಟೆಂಪರೇಚರ್ ಸೆನ್ಸರ್ ಚೆಕ್ ಮಾಡೋಣ

ನಮಸ್ಕಾರ, ಬನ್ನಿ. ಡ್ಯಾಶ್‌ಬೋರ್ಡ್ ಮೀಟರ್ ನೋಡಿ, ಹೊರಗಿನ ಟೆಂಪರೇಚರ್ 41 ಅಂತ ತೋರಿಸ್ತಿದೆ. ನೆರಳಲ್ಲಿಟ್ಟಿರೋ ಥರ್ಮಾಮೀಟರ್ 33. ಟ್ರಾಫಿಕ್ಕಲ್ಲಿ ನಿಂತಾಗ ಹೀಗೆ ತೋರ್ಸಿದ್ರೆ ತಲೆ ಕೆಡಿಸ್ಕೋಬೇಡಿ. ಡಾಂಬರಿನ ಕಾವು, ಇಂಜಿನ್ ಕಾವು ಎರಡೂ ಅಲ್ಲೇ ಸುತ್ತುತ್ತಿರತ್ತೆ. ಖಾಲಿ ರಸ್ತೇಲಿ 60ರಲ್ಲಿ ಹತ್ತು ನಿಮಿಷ ಓಡ್ಸಿ. ಆಮೇಲೂ ಇಳೀಲಿಲ್ಲ ಅಂದ್ರೆ ಮಾತ್ರ ಬಿಚ್ಚಬೇಕು. ಫೋನಲ್ಲಿ ಬರೋ ಟೆಂಪರೇಚರ್‌ಗೆ ಹೋಲಿಸ್ಬೇಡಿ, ಅದು ನೀವು ನಿಂತಿರೋ ರಸ್ತೆಯ ಲೆಕ್ಕ ಅಲ್ಲ. ಹವಾಮಾನ ಇಲಾಖೆಯೋರು ಗಾಳಿಯಾಡೋ ಬಿಳಿ ಪೆಟ್ಟಿಗೆಯೊಳಗೆ, ನೆಲದಿಂದ ಮೇಲೆ, ನೆರಳಲ್ಲಿ ಅಳೀತಾರೆ. ಎಷ್ಟು ಚೆಂದದ ವ್ಯವಸ್ಥೆ ಅಂದ್ರೆ... ಸರಿ, ಬಂಪರ್ ಸಡಿಲ ಆಯ್ತು, ಇಲ್ಲಿ ನೋಡಿ.

ಗ್ರಿಲ್ ಹಿಂದೆ, ಕಂಡೆನ್ಸರ್ ಅಂದ್ರೆ ಎಸಿಯ ಬಿಸಿ ಹೊರಹಾಕೋ ಜಾಲರಿ, ಅದರ ಮುಂದೆ, ಈ ಕರಿ ತುಂಡೇ ಸೆನ್ಸರ್. ಕ್ಲಿಪ್ ಬಿಟ್ಕೊಂಡು ಕಂಡೆನ್ಸರ್‌ಗೆ ಒರಗಿದೆ. ಎಸಿ ಓಡ್ತಿದ್ರೆ ಕಂಡೆನ್ಸರ್ ಕಾದಿರತ್ತೆ, ಅದನ್ನೇ ಇದು ಹೊರಗಿನ ಬಿಸಿ ಅಂತ ಹೇಳ್ತಿದೆ. ಬಂಪರ್ ಪೇಂಟ್ ಮಾಡ್ಸಿದ ಗಾಡಿಗಳಲ್ಲಿ ಇದು ಮಾಮೂಲಿ, ನಂಗೆ ನಿಜವಾಗ್ಲೂ ಸಿಟ್ಟು ಬರತ್ತೆ. ಬಂಪರ್ ಕೂರ್ಸಿ, ಪಾಲಿಶ್ ಹೊಡೆದು ಕಳಿಸ್ತಾರೆ, ಈ ಒಂದು ಕ್ಲಿಪ್ ಒತ್ತಲ್ಲ. ಕನೆಕ್ಟರ್ ಹಾಕೋದನ್ನೇ ಮರೆತ್ರಂತೂ ಮೀಟರ್ ಮೈನಸ್ 40 ತೋರಿಸತ್ತೆ, ಇಲ್ಲಾ ಬರೀ ಗೆರೆ. ಆಗ ಎಷ್ಟೋ ಗಾಡಿಗಳಲ್ಲಿ ಹೊರಗೆ ಕೊರೆಯೋ ಚಳಿ ಅಂದ್ಕೊಂಡು ಎಸಿ ಕಂಪ್ರೆಸರ್ ಆನ್ ಆಗೋದೇ ಇಲ್ಲ. ಓನರ್ ಗ್ಯಾಸ್ ಖಾಲಿ ಅಂತ ಹೋಗ್ತಾರೆ, ಗ್ಯಾಸ್ ತುಂಬಿ ಬಿಲ್ ಕೊಡ್ತಾರೆ, ಎಸಿ ಮಾತ್ರ ತಣ್ಣಗಾಗಲ್ಲ. ಗ್ಯಾಸಿಗೆ ದುಡ್ಡು ಕೊಡೋ ಮುಂಚೆ ಮೀಟರಲ್ಲಿ ಹೊರಗಿನ ಟೆಂಪರೇಚರ್ ಎಷ್ಟಿದೆ ನೋಡಿ, ದಯವಿಟ್ಟು.

ಸೆನ್ಸರನ್ನ ಸೈಡ್ ಮಿರರ್ ಕೆಳಗೆ ಇಡೋ ಕಂಪನಿಗಳೇ ಜಾಣರು, ಕಾವು ಅಷ್ಟು ತಗಲಲ್ಲ. ಆದ್ರೆ ನಮ್ಮ ಗಲ್ಲಿಗಳಲ್ಲಿ ಮೊದಲು ಒಡೆಯೋದೇ ಮಿರರ್. ಬೇಡ, ಬಂಪರ್ ಹಿಂದೇನೇ ಇರ್ಲಿ.

ಈಗ ಮಲ್ಟಿಮೀಟರಲ್ಲಿ ಸೆನ್ಸರಿನ ಓಮ್, ಅಂದ್ರೆ ಕರೆಂಟಿಗೆ ಒಡ್ಡೋ ತಡೆ, ಅಳೆಯೋಣ. ಬಿಸಿ ಏರಿದ್ರೆ ಓಮ್ ಇಳಿಯತ್ತೆ, ತಣ್ಣಗಾದ್ರೆ ಏರತ್ತೆ. ತುಂಬಾ ಸೆನ್ಸರ್‌ಗಳು 25 ಡಿಗ್ರಿಗೆ 10 ಕಿಲೋ ಓಮ್, ನಿಮ್ಮದು ಬೇರೆ ಇರಬಹುದು, ಸರ್ವಿಸ್ ಮ್ಯಾನ್ಯುಯಲ್ ನೋಡ್ಕೊಳ್ಳಿ. ಮುಷ್ಟೀಲಿ ಹಿಡಿದ್ರೆ ಓಮ್ ನಿಧಾನಕ್ಕೆ ಇಳೀಬೇಕು, ಎಗರಾಡಬಾರದು. ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಐಸ್ ನೀರಲ್ಲಿಟ್ರೆ 10 ಕಿಲೋದ್ದು ಸುಮಾರು 32 ಕಿಲೋ ತೋರಿಸ್ಬೇಕು. ಏನೂ ಬರ್ಲಿಲ್ವಾ, ಒಳಗೆ ಕಟ್ ಆಗಿದೆ, ಬದಲಾಯಿಸಿ.

ಕನೆಕ್ಟರ್ ಪಿನ್ನಲ್ಲಿ ಹಸಿರು ಕಿಲುಬು ಇದ್ರೆ ಓಮ್ ಜಾಸ್ತಿ ಆಗಿ ಡ್ಯಾಶ್‌ಬೋರ್ಡ್ ಮೀಟರ್ ಟೆಂಪರೇಚರ್ ಕಡಿಮೆ ತೋರಿಸತ್ತೆ, ಜಾಸ್ತಿ ಅಲ್ಲ. 33 ಡಿಗ್ರೀಲಿ 1 ಕಿಲೋ ಓಮ್ ಸೇರಿದ್ರೇ 3 ಡಿಗ್ರಿ ಕಡಿಮೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ.

ಕ್ಲಿಪ್ ಕೂತ್ಕೊಳ್ತು, ಶಬ್ದ ಕೇಳಿಸ್ತಲ್ಲ? ಕ್ಲಿಪ್ ಮುರಿದಿದ್ರೆ ಕೇಬಲ್ ಟೈ ಸಾಕು, ತುದಿ ಮಾತ್ರ ಗಾಳಿಗೆ ತೆರೆದಿರ್ಲಿ. ಆನ್ ಮಾಡಿದ ತಕ್ಷಣ 41 ಇಳೀಲಿಲ್ಲ ಅಂತ ಮತ್ತೆ ಬಿಚ್ಚಬೇಡಿ. ಇಂಜಿನ್ ಬಿಸಿ ಇದ್ರೆ ಕೆಲವು ಗಾಡಿ ಹಳೇ ಸಂಖ್ಯೆನೇ ಹಿಡ್ಕೊಂಡಿರತ್ತೆ. ಒಂದು ರೌಂಡ್ ಹೋಗ್ಬನ್ನಿ.